ಸ್ವರ ಬರೆಯುವ ಮೊದಲೇ ಶುರುವಾಗುವ ಕೆಲಸ

ನಾನು ಲಂಡನ್ನಿನಲ್ಲಿ ವಯೋಲಾ ನುಡಿಸಿ ಸಂಸಾರ ನಡೆಸುವವನು. ಖಾಯಂ ನೌಕರಿ ಇಲ್ಲ. ಒಂದು ವಾರ ಆರ್ಕೆಸ್ಟ್ರಾ, ಇನ್ನೊಂದು ವಾರ ಸಿನಿಮಾ ರೆಕಾರ್ಡಿಂಗ್, ಶನಿವಾರ ಯಾರದೋ ಮದುವೆಯಲ್ಲಿ ನಾಲ್ವರ ಕ್ವಾರ್ಟೆಟ್, ನಡುವೆ ಮಕ್ಕಳಿಗೆ ಪಾಠ. ಆದರೆ ಈಗ ನನಗೆ ಜಾಸ್ತಿ ಕರೆ ಬರುವುದು ಹೊಸ ಸಂಗೀತಕ್ಕೆ, ಅಂದರೆ ಈಗಿನ ಸಂಯೋಜಕರು ಹೊಸದಾಗಿ ಬರೆದ ಕೃತಿಗಳಿಗೆ. ಊರಿಗೆ ಬಂದಾಗ "ಅದೂ ಪಿಟೀಲೇ ಅಲ್ವಾ?" ಅಂತ ಕೇಳುತ್ತಾರೆ. ಹೆಚ್ಚುಕಮ್ಮಿ ಹೌದು. ಸ್ವಲ್ಪ ದೊಡ್ಡದು, ಶ್ರುತಿ ಒಂದು ಪಂಚಮದಷ್ಟು ಕೆಳಗೆ.

ವಯೋಲಾದವರು ಹೊಸ ಸಂಗೀತದ ಬೆನ್ನು ಹತ್ತುವುದಕ್ಕೆ ಆದರ್ಶಕ್ಕಿಂತ ಕೃತಿಗಳ ಬಡತನವೇ ದೊಡ್ಡ ಕಾರಣ. ಬೇತೋವನ್, ಬ್ರಾಮ್ಸ್ ಇಬ್ಬರೂ ಪಿಟೀಲಿಗೆ ಕನ್ಚೆರ್ಟೊ (ಆರ್ಕೆಸ್ಟ್ರಾ ಜೊತೆ ಒಬ್ಬರು ಮುಂದೆ ನಿಂತು ನುಡಿಸುವ ಕೃತಿ) ಬರೆದರು, ನಮಗೆ ಬರೆಯಲಿಲ್ಲ. ನಾವು ಪ್ರೀತಿಯಿಂದ ನುಡಿಸುವ ಬ್ರಾಮ್ಸ್‌ರ ಎರಡು ಸೊನಾಟಾಗಳೂ (ಒಬ್ಬಿಬ್ಬರೇ ನುಡಿಸುವ, ಹಲವು ಭಾಗಗಳ ಕೃತಿ) ಮೂಲದಲ್ಲಿ ಕ್ಲಾರಿನೆಟ್‌ಗೆ ಬರೆದವು. ಹಾಗಾಗಿ ಬದುಕಿರುವವರ ಬಾಗಿಲು ತಟ್ಟಿ ಬರೆಸಿಕೊಳ್ಳಬೇಕು.

ಇಂಗ್ಲೆಂಡಿನ ಹೆಸರಾಂತ ವಯೋಲಾ ವಾದಕ ಲಯೊನೆಲ್ ಟರ್ಟಿಸ್ ಜೀವಮಾನವಿಡೀ ಅದನ್ನೇ ಮಾಡಿದರು. ಅಂಥವರೂ ಸಂಯೋಜಕ ವಿಲಿಯಂ ವಾಲ್ಟನ್ ಕಳಿಸಿದ ಕನ್ಚೆರ್ಟೊ ತೀರಾ ಹೊಸತಾಯಿತು ಅಂತ ವಾಪಸ್ ಕಳಿಸಿಬಿಟ್ಟರು. 1929ರ ಅಕ್ಟೋಬರ್ 3ರಂದು ಇದೇ ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ ಅದನ್ನು ಮೊದಲು ನುಡಿಸಿದ್ದು ಜರ್ಮನಿಯ ಸಂಯೋಜಕ, ವಯೋಲಾ ವಾದಕ ಪಾಲ್ ಹಿಂಡೆಮಿತ್. ಆಮೇಲೆ ಟರ್ಟಿಸ್ ಮನಸ್ಸು ಬದಲಾಯಿಸಿ ತಾವೂ ನುಡಿಸಿದರು. ಮೊದಲ ಸಲ ಓದಿದಾಗಲೇ "ಇದು ಆಗಲ್ಲ" ಅನ್ನಬಾರದು ಅಂತ ನಾನು ಕಲಿತದ್ದು ಇಲ್ಲಿಂದ.

ಹಾಗಂತ ಎಲ್ಲಕ್ಕೂ ಹೂಂ ಅನ್ನುವುದೂ ಅಲ್ಲ. ಸಂಯೋಜನೆ ಕಲಿಯುತ್ತಿದ್ದ ಒಬ್ಬ ಹುಡುಗಿ ಒಂದು ಪುಟ ಕಳಿಸಿದಳು. ಎರಡು ತಂತಿ ಒಟ್ಟಿಗೆ ಒತ್ತುವ ಜಾಗವೊಂದಿತ್ತು. ಪಿಟೀಲಿನ ಮೇಲೆ ಬೆರಳು ಸಲೀಸಾಗಿ ಸಿಗುತ್ತದೆ. ನನ್ನ ವಯೋಲಾದ ಒಡಲು ಹದಿನಾರೂವರೆ ಇಂಚು, ಕಿರುಬೆರಳು ಮುಟ್ಟುವುದೇ ಇಲ್ಲ. ಫೋನನ್ನು ಸ್ಟ್ಯಾಂಡಿಗೆ ಒರಗಿಸಿ ಬೇರೆ ಬೇರೆ ಥರ ನುಡಿಸಿ ವಿಡಿಯೊ ಕಳಿಸಿದೆ. ಸ್ವರಗಳನ್ನು ಒಂದರ ಹಿಂದೊಂದು ಬಿಡಿಸಿ, ಮೇಲಿನದನ್ನು ಕೆಳಗೆ ಮಾಡಿ, ಒಂದು ತಂತಿಯನ್ನು ಒತ್ತದೆ ಖಾಲಿ ಬಿಟ್ಟು. ಅವಳಿಗೆ ಖಾಲಿ ತಂತಿಯ ನಾದ ಹಿಡಿಸಿತು. ಆ ಜಾಗ ಅಷ್ಟೇ ಅಲ್ಲ, ಇಡೀ ಪುಟವನ್ನೇ ಅದರ ಸುತ್ತ ತಿದ್ದಿ ಬರೆದಳು. "ಆಗಲ್ಲ" ಅಂತ ಒಂದು ಸಾಲು ಬರೆದಿದ್ದರೆ ಅವಳು ಆ ಜಾಗವನ್ನು ಸುಮ್ನೆ ಅಳಿಸಿಹಾಕುತ್ತಿದ್ದಳು, ಅಷ್ಟೇ.

ದೊಡ್ಡವರ ವಿಷಯದಲ್ಲೂ ಕೆಲಸ ಹೀಗೇ ಹುಟ್ಟಿದೆ. ಸಂಯೋಜಕ ಜ್ಯೋರ್ಜಿ ಲಿಗೆಟಿ 1990ರಲ್ಲಿ ವಯೋಲಾ ವಾದಕಿ ತಬೇಯಾ ಝಿಮ್ಮರ್‌ಮನ್ ನುಡಿಸಿದ್ದನ್ನು ಕೇಳಿದರು. ಆಕೆಯ ಸಿ ತಂತಿಯ, ಅಂದರೆ ವಯೋಲಾದ ಎಲ್ಲಕ್ಕಿಂತ ಕೆಳಗಿನ ಶ್ರುತಿಯ ತಂತಿಯ, ನಾದಕ್ಕೆ ಮರುಳಾಗಿ ಸೊನಾಟಾ ಬರೆದರು. 1994ರಲ್ಲಿ ಅದನ್ನು ಮೊದಲು ನುಡಿಸಿದ್ದೂ ಝಿಮ್ಮರ್‌ಮನ್ ಅವರೇ. ಮೊದಲ ಭಾಗ ಪೂರ್ತಿ ಆ ಒಂದೇ ತಂತಿಯ ಮೇಲೆ. ಕೆಲವು ಸ್ವರಗಳಿಗೆ ಬಾಣದ ಗುರುತು ಇರುತ್ತದೆ: ಇಷ್ಟು ಇಳಿಸು, ಇನ್ನಷ್ಟು ಇಳಿಸು, ಹೆಚ್ಚುಕಮ್ಮಿ ಕಾಲು ಸ್ವರ ಇಳಿಸು. ಕರ್ನಾಟಕ ಸಂಗೀತ ಕೇಳಿ ಬೆಳೆದವನಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಗಮಕದ ಅಭ್ಯಾಸ ಇಲ್ಲಿ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ. ಬೆರಳು ಅಲ್ಲಿಗೆ ಜಾರಿ ಬರುವಂತಿಲ್ಲ, ನೆಟ್ಟಗೆ ಇಳಿದು ಅಲ್ಲೇ ನಿಲ್ಲಬೇಕು.

ಈ ದಾರಿ ಹಿಡಿಯುವವರಿಗೆ ಒಂದೆರಡು ಸಣ್ಣ ಮಾತು. ಕಮಾನಿನ ಕಡ್ಡಿಯಿಂದ ತಂತಿಗೆ ಹೊಡೆಯಲು ಹೇಳುವವರು ಬಹಳ, ಅದಕ್ಕೆ ಕಡಿಮೆ ಬೆಲೆಯ ಇನ್ನೊಂದು ಕಮಾನು ಇಟ್ಟುಕೊಳ್ಳಿ. ತಂತಿಯ ಶ್ರುತಿ ಬದಲಿಸುವ ಕೃತಿಯಿದ್ದರೆ ಕಾರ್ಯಕ್ರಮದ ಮಧ್ಯಂತರ ವಿರಾಮಕ್ಕೆ ಸ್ವಲ್ಪ ಮುಂಚೆಯೋ ಅದು ಮುಗಿದ ಕೂಡಲೇಯೋ ಹಾಕಿಸಿ. ತಿರುಗಿಸಿದ ತಂತಿ ಹಳೆಯ ಶ್ರುತಿಯ ಕಡೆಗೇ ಎಳೆಯುತ್ತಿರುತ್ತದೆ, ಅದು ನೆಲೆಗೊಳ್ಳಲು ಹೊತ್ತು ಬೇಕು.

ಇನ್ನು ದುಡ್ಡಿನ ಮಾತು. ಮೊದಲ ಪ್ರದರ್ಶನಕ್ಕೆ ಹೇಗೋ ಹಣ ಹುಟ್ಟುತ್ತದೆ, "ಮೊಟ್ಟಮೊದಲ ಬಾರಿಗೆ" ಅಂತ ಪೋಸ್ಟರಿನಲ್ಲಿ ಹಾಕಬಹುದಲ್ಲ! ಎರಡನೆಯದಕ್ಕೆ ಯಾರೂ ಫೋನ್ ಮಾಡುವುದಿಲ್ಲ. ಇಲ್ಲೇ ನೋಡಿ ಎಲ್ಲ ಬಗೆಯದನ್ನೂ ನುಡಿಸುವ ಅಭ್ಯಾಸ ಕೈ ಹಿಡಿಯುವುದು. ಬ್ರಾಮ್ಸ್ ಕೇಳಿದವರಿಗೆ ಬ್ರಾಮ್ಸ್ ಕೊಟ್ಟು, ಪಕ್ಕದಲ್ಲಿ ಹತ್ತು ನಿಮಿಷದ ಹೊಸದೊಂದನ್ನು ಸೇರಿಸಿ ಪಟ್ಟಿ ಕಳಿಸುತ್ತೇನೆ. ಬೇಡ ಅನ್ನುವವರು ಕಡಿಮೆ. ಆ ಹುಡುಗಿಯ ಕೃತಿ ಹೀಗೇ ಎರಡನೇ ಸಲ, ಮೂರನೇ ಸಲ ವೇದಿಕೆ ಕಂಡಿತು. ಈಗ ಬೇರೆ ವಯೋಲಾದವರೂ ಅದರ ಪ್ರತಿ ಕೇಳಿ ಅವಳಿಗೇ ನೇರವಾಗಿ ಬರೆಯುತ್ತಿದ್ದಾರೆ.