ಆನೆ ಕಾಸಿನ ಮೇಲಿನ ತಿಳಿಹಸಿರು ಚುಕ್ಕೆಗಳು

ದೊಡ್ಡಮ್ಮನ ಮನೆಯ ದೇವರ ಪೆಟ್ಟಿಗೆಯಲ್ಲಿ ತಲೆಮಾರುಗಳಿಂದ ಉಳಿದುಬಂದಿದ್ದ ಟಿಪ್ಪು ಸುಲ್ತಾನನ ಕಾಲದ ತಾಮ್ರದ ಪೈಸೆಯೊಂದನ್ನು ಕಳೆದ ಮಳೆಗಾಲದಲ್ಲಿ ಅವರು ನನ್ನ ಕೈಗಿತ್ತು, ಅದರ ಮೇಲೆ ಎದ್ದಿರುವ ಹಸಿರು ಚುಕ್ಕೆಗಳಿಗೆ ಕಾರಣವೇನೆಂದು ನೋಡಲು ಹೇಳಿದರು. ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಶ್ರೀರಂಗಪಟ್ಟಣದ ಟಂಕಸಾಲೆಯನ್ನು ಸೂಚಿಸುವ ‘ಪಟನ್’ ಎಂಬ ಪರ್ಷಿಯನ್ ಹೆಸರು. ಟಿಪ್ಪು ಆಳಿದ್ದು 1782ರಿಂದ 1799ರವರೆಗೆ. ಆ ವರ್ಷಗಳಲ್ಲಿ ಇಂತಹ ಪೈಸೆಗಳು ಹೇರಳವಾಗಿ ಅಚ್ಚಾದ್ದರಿಂದ ಇದು ಅಪರೂಪದ ನಾಣ್ಯವೇನಲ್ಲ. ಆದರೂ ಕಾರಣ ತಿಳಿಯದೆ ಚಿಕಿತ್ಸೆಗೆ ಕೈಹಾಕಿದರೆ ಉಳಿದ ಮೈಯೂ ಹಾಳಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಅಂಚಿನಲ್ಲಿದ್ದ ಸೀಳಿನ ಒಳಗೂ ಹಳೆಯ ಕಂದು ಬಣ್ಣ ಸಮನಾಗಿ ಹಬ್ಬಿದ್ದರಿಂದ ಅದು ಅಚ್ಚೊತ್ತುವಾಗಲೇ ಬಿಟ್ಟ ಬಿರುಕು ಎಂದು ಬದಿಗಿಟ್ಟೆ. ನಾಣ್ಯವು ಕೆಲಕಾಲ ಪ್ಲಾಸ್ಟಿಕ್ ಚೀಲದಲ್ಲಿ ಇದ್ದುದರಿಂದ ಮೊದಲ ಅನುಮಾನ ಪಿವಿಸಿ ಎಂಬ ಬಗೆಯ ಪ್ಲಾಸ್ಟಿಕ್‌ನ ಮೇಲೆ ಬಿತ್ತು. ಪಿವಿಸಿ ಬಿಡುವ ಹಸಿರು ಪೊರೆ ಸಾಮಾನ್ಯವಾಗಿ ಜಿಗುಟಾಗಿದ್ದು, ಅಸಿಟೋನ್‌ನಲ್ಲಿ ಅದ್ದಿದ ಹತ್ತಿಗೆ ಅಂಟಿ ಬರುತ್ತದೆ. ಇಲ್ಲಿ ಹತ್ತಿಗೆ ಏನೂ ಅಂಟಲಿಲ್ಲ. ಸೂಜಿಯ ಮೊನೆ ತಾಗಿಸಿದರೆ ಚುಕ್ಕೆಗಳು ಒಣ ಪುಡಿಯಾಗಿ ಉದುರಿ, ಕೆಳಗೆ ಸಣ್ಣ ಗುಳಿಗಳು ಕಾಣಿಸಿದವು. ಸಂಗ್ರಾಹಕರು ‘ಬ್ರಾಂಜ್ ಡಿಸೀಸ್’ ಎಂದು ಕರೆಯುವ ಕಿಲುಬಿನ ಲಕ್ಷಣವಿದು. ತಾಮ್ರದ ಮೈಯಲ್ಲಿ ಸೇರಿಕೊಂಡ ಕ್ಯೂಪ್ರಸ್ ಕ್ಲೋರೈಡ್, ಗಾಳಿಯ ತೇವ ಮತ್ತು ಆಮ್ಲಜನಕದೊಂದಿಗೆ ವರ್ತಿಸಿ ತಿಳಿಹಸಿರು ಪುಡಿಯನ್ನೂ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಉಂಟುಮಾಡುತ್ತದೆ. ಆ ಆಮ್ಲ ಪಕ್ಕದ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗುವುದರಿಂದ, ತೇವ ಇರುವವರೆಗೂ ಈ ಸವೆತ ತಾನಾಗಿ ನಿಲ್ಲುವುದಿಲ್ಲ. ಚುಕ್ಕೆಗಳು ಮಳೆಗಾಲದಲ್ಲಿ ಎದ್ದದ್ದೂ ಇದಕ್ಕೆ ಹೊಂದುತ್ತಿತ್ತು.

ಖಚಿತಪಡಿಸಿಕೊಳ್ಳಲು ನಾಣ್ಯವನ್ನು ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿಟ್ಟು, ಆ ನೀರನ್ನು ರಸಾಯನಶಾಸ್ತ್ರ ಕಲಿಸುವ ಗೆಳೆಯನ ಬಳಿಗೆ ಒಯ್ದೆ. ಅವನು ಒಂದು ಹನಿ ನೈಟ್ರಿಕ್ ಆಮ್ಲ ಹಾಕಿ, ಬೆಳ್ಳಿಯ ನೈಟ್ರೇಟ್ ಸೇರಿಸಿದ ಕೂಡಲೇ ನೀರು ಹಾಲಿನಂತೆ ಬೆಳ್ಳಗಾಯಿತು; ನೀರಿನಲ್ಲಿ ಕ್ಲೋರೈಡ್ ಇದೆ ಎಂಬುದಕ್ಕೆ ಅದೇ ಗುರುತು. ನಲ್ಲಿಯ ನೀರಿನಲ್ಲೂ ಕ್ಲೋರೈಡ್ ಇರುವುದರಿಂದ, ನೆನೆಸದ ಭಟ್ಟಿ ನೀರನ್ನೂ ಪಕ್ಕದಲ್ಲಿಟ್ಟು ಹೋಲಿಸಿದೆವು. ಅದು ತಿಳಿಯಾಗಿಯೇ ಉಳಿಯಿತು.

ಹಾಗಾದರೆ ಕ್ಲೋರೈಡ್ ಬಂದದ್ದೆಲ್ಲಿಂದ? ಮಣ್ಣಿನಲ್ಲಿ ಹೂತಿದ್ದ ನಾಣ್ಯವಾಗಿದ್ದರೆ ಗಟ್ಟಿಯಾದ ಮಣ್ಣಿನ ಕಣಗಳೂ ಕಿಲುಬಿನ ಪದರಗಳೂ ಎಲ್ಲಿಯಾದರೂ ಉಳಿಯಬೇಕಿತ್ತು. ಭೂತಗನ್ನಡಿಯಲ್ಲಿ ಅವು ಕಾಣಲಿಲ್ಲ. ಬದಲಿಗೆ ಆನೆಯ ಬೆನ್ನು ಮತ್ತು ಸೊಂಡಿಲಿನಂತಹ ಉಬ್ಬಿನ ಭಾಗಗಳಲ್ಲಿ ನಸುಗೆಂಪಾದ ಹಸಿ ತಾಮ್ರ, ಅದರ ಮೇಲೆ ಒಂದೇ ದಿಕ್ಕಿಗೆ ಎಳೆದಂತಿದ್ದ ನವಿರಾದ ಗೀರುಗಳು ಕಂಡವು. ಹಸಿರು ಚುಕ್ಕೆಗಳು ಮಾತ್ರ ಆನೆಯ ಕಾಲುಗಳ ನಡುವೆ ಮತ್ತು ಅಕ್ಷರಗಳ ಸಂದಿಯಲ್ಲಿ, ಅಂದರೆ ತೊಳೆದರೂ ಏನಾದರೂ ಉಳಿದುಬಿಡುವ ಜಾಗಗಳಲ್ಲಿ ಸೇರಿದ್ದವು. ಯಾವುದರಿಂದ ತೊಳೆಯುತ್ತಿದ್ದಿರಿ ಎಂದು ದೊಡ್ಡಮ್ಮನನ್ನು ಕೇಳಿದೆ. “ಹಬ್ಬದ ದಿನ ತಾಮ್ರದ ಚೊಂಬಿನ ಜೊತೆಗೇ ಹುಣಸೆಹಣ್ಣು, ಉಪ್ಪು ಹಾಕಿ ನಾರಿನಿಂದ ತಿಕ್ಕುತ್ತೇವಲ್ಲಪ್ಪ” ಎಂದರು. ಹುಣಸೆಯ ಹುಳಿ ಶತಮಾನಗಳ ಕಂದು ಪೊರೆಯನ್ನು ಕರಗಿಸಿತ್ತು, ನಾರು ಗೀರಿತ್ತು, ಸಂದಿಯಲ್ಲಿ ಉಳಿದ ಉಪ್ಪಿನ ಕ್ಲೋರೈಡ್ ಒಳಗಿಳಿದಿತ್ತು. ದಿನವೂ ಬಳಸುವ ಚೊಂಬಿಗೆ ಸಲ್ಲುವ ಆ ಕ್ರಮ, ಮೈಯ ಮೇಲಿನ ಪೊರೆಯೇ ರಕ್ಷಣೆಯಾಗಿರುವ ನಾಣ್ಯಕ್ಕೆ ಸಲ್ಲುವುದಿಲ್ಲವೆಂದು ಅವರಿಗೆ ವಿವರಿಸಿದಾಗ ಒಪ್ಪಿಕೊಂಡರು.

ಬೆಳ್ಳಿಯ ನೈಟ್ರೇಟ್ ಹಾಕಿದರೂ ನೀರು ತಿಳಿಯಾಗಿ ಉಳಿಯುವವರೆಗೆ ಭಟ್ಟಿ ನೀರನ್ನು ಬದಲಿಸುತ್ತಾ ನಾಣ್ಯವನ್ನು ನೆನೆಸಿ, ಚೆನ್ನಾಗಿ ಒಣಗಿಸಿ, ಕಾಗದದ ಲಕೋಟೆಯಲ್ಲಿ ಹಾಕಿ ತೇವ ಹೀರುವ ಸಿಲಿಕಾ ಜೆಲ್ ಇರುವ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಗುಳಿಗಳು ತುಂಬುವುದಿಲ್ಲ, ಹೋದ ಬಣ್ಣವೂ ಬೇಗ ಮರಳುವುದಿಲ್ಲ. ಹೊಸ ಪುಡಿ ಮಾತ್ರ ಈವರೆಗೆ ಎದ್ದಿಲ್ಲ.