ಹೊನ್ನಾವರದ ಸರ್ ಕಲಿಸಿದ ಕವರ್ ಬ್ಲಾಕ್ ಪಾಠ

ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಸೈಟಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ರಾಯಚೂರು ಕಡೆಯ ಗಾರೆ ಕೆಲಸದವರಿಗೂ ಒಡಿಶಾದ, ಕಂಬಿ ಬಗ್ಗಿಸಿ ಕಟ್ಟುವ ಬಾರ್ ಬೆಂಡರ್‌ಗಳಿಗೂ ಅವರು ‘ಹೊನ್ನಾವರದ ಸರ್’. ನಾನು ಅವರ ಕೈಕೆಳಗೆ ಸೈಟ್ ಎಂಜಿನಿಯರ್ ಆಗಿ ಪಳಗಿದವನು. ಕಾಂಕ್ರೀಟಿನ ಬಗ್ಗೆ ಅವರಿಗಿದ್ದ ಅಷ್ಟೊಂದು ಕಟ್ಟುನಿಟ್ಟು ಎಲ್ಲಿಂದ ಬಂತು ಎನ್ನುವುದು ನನಗೆ ಅರ್ಥವಾದದ್ದು ಅವರ ಊರಿಗೆ ಹೋದಮೇಲೆ.

ಅವರು ಡಿಪ್ಲೊಮಾ ಮುಗಿಸುವ ಹೊತ್ತಿಗೆ ಕೊಂಕಣ ರೈಲ್ವೆ ಕೆಲಸ ಜೋರಾಗಿ ನಡೆದಿತ್ತು. ಗುತ್ತಿಗೆದಾರರೊಬ್ಬರ ಬಳಿ ಸೂಪರ್‌ವೈಸರ್ ಆಗಿ ಸೇರಿಕೊಂಡರು. 1998ರ ಜನವರಿ 26ರಂದು ಇಡೀ ಮಾರ್ಗದಲ್ಲಿ ರೈಲು ಓಡಿತು. ಶರಾವತಿ ಮೇಲಿನ ರೈಲು ಸೇತುವೆ 2 ಕಿಲೋಮೀಟರಿಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಅದು ತಮ್ಮ ಊರಲ್ಲಿದೆ ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು. ರೈಲು ಬಂತು, ಕೆಲಸ ಮುಗಿಯಿತು, ಆಮೇಲೆ ಹೊಟ್ಟೆಪಾಡಿಗೆ ಬೆಂಗಳೂರು. ಇಲ್ಲಿ ಅಪಾರ್ಟ್‌ಮೆಂಟು, ಆಸ್ಪತ್ರೆ, ಗೋದಾಮು, ಹೀಗೆ ಏನೇನೋ ಕಟ್ಟಿಸಿದರು. ಅದನ್ನೆಲ್ಲ ಬರೆಯುತ್ತ ಕೂರುವುದಿಲ್ಲ.

ಸ್ಲ್ಯಾಬ್ ಹಾಕುವ ಹಿಂದಿನ ಸಂಜೆ ಅವರು ಸೆಂಟ್ರಿಂಗ್ ಹಲಗೆಗಳ ಮೇಲೆ ಮೊಣಕಾಲೂರಿ, ಟಾರ್ಚ್ ಹಿಡಿದು, ಕಬ್ಬಿಣದ ಅಡಿಗೆ ಕಣ್ಣು ಹಾಯಿಸುತ್ತಿದ್ದರು. ಕಂಬಿ ಹಲಗೆಗೆ ತಾಗದಂತೆ ಅಡಿಗೆ ಇಡುವ ಸಣ್ಣ ಸಿಮೆಂಟ್ ತುಂಡೇ ಕವರ್ ಬ್ಲಾಕ್; ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪವೇ ಕವರ್. ಬ್ಲಾಕ್ ಇರಬೇಕಾದಲ್ಲಿ ಜಲ್ಲಿ ಚೂರೋ ಟೈಲ್ಸ್ ತುಂಡೋ ಸಿಕ್ಕರೆ ಬೈಯುತ್ತಿರಲಿಲ್ಲ. ತಾವೇ ತೆಗೆದು ಆಚೆ ಎಸೆದು, ಬ್ಲಾಕ್ ಇಟ್ಟು, ಬೈಂಡಿಂಗ್ ವೈರ್ ಸುತ್ತಿ, “ತಮಾ, ಈ ಸಾಲು ಪೂರ್ತಿ ಮತ್ತೊಂದ್ಸಲ ನೋಡು” ಅನ್ನುತ್ತಿದ್ದರು. ಬಾರ್ ಬೆಂಡರ್ ಹೋಗಿ ಮಲಗಿದ್ದರೆ ಎಬ್ಬಿಸುತ್ತಿರಲಿಲ್ಲ, ನಾವಿಬ್ಬರೇ ಮಾಡುತ್ತಿದ್ದೆವು. ಕಾಂಕ್ರೀಟಿನ ಬಲ ಅಳೆಯುವ ಕ್ಯೂಬ್ ಟೆಸ್ಟ್ ಪಾಸಾದರೂ ಕವರ್ ಇಲ್ಲದ ಸ್ಲ್ಯಾಬ್ ಅವರ ಲೆಕ್ಕದಲ್ಲಿ ಫೇಲೇ.

ಇದರ ಕಾರಣ ಹೊನ್ನಾವರದ ಕಡಲ ಉಪ್ಪುಗಾಳಿಯಲ್ಲಿದೆ. ಒಳ್ಳೆಯ ಕಾಂಕ್ರೀಟ್ ಕ್ಷಾರಗುಣದ್ದು. ಅದರೊಳಗಿರುವ ಕಬ್ಬಿಣದ ಮೇಲೆ ತೆಳುವಾದ ರಕ್ಷಣೆಯ ಪದರ ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಉಪ್ಪಿನ ಅಂಶ ಒಳಗಿಳಿದು ಕಬ್ಬಿಣ ಮುಟ್ಟಿತೆಂದರೆ ಆ ಪದರ ಒಡೆಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ದೂಡಿ ಬಿರುಕು ಬಿಡಿಸುತ್ತದೆ, ಕೊನೆಗೆ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅದಕ್ಕೇ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಬೆಂಗಳೂರಿನ ಮನೆಯೊಳಗಿನ ಸ್ಲ್ಯಾಬಿಗೆ 20 ಮಿಲಿಮೀಟರ್ ಕವರ್ ನಡೆಯುತ್ತದೆ, ಕರಾವಳಿಯ ಗಾಳಿಗೆ ಒಡ್ಡಿಕೊಂಡದ್ದಕ್ಕೆ 45 ಬೇಕು. ಕಾಂಕ್ರೀಟಿನ ಬಲದ ಗ್ರೇಡ್ ಎಂ30ಕ್ಕೆ ಕಡಿಮೆ ಇರಬಾರದು, ನೀರು ಸಿಮೆಂಟಿನ ತೂಕದ 0.45ರಷ್ಟನ್ನು ಮೀರಬಾರದು. ನಾವು ಇದನ್ನು ಪುಸ್ತಕದಲ್ಲಿ ಓದಿ ಮರೆತಿದ್ದೆವು. ಅವರು ಓದಿದ ಶಾಲೆಯ ಜಗಲಿಯಲ್ಲಿ ಅದು ಅವರ ಕಣ್ಣೆದುರೇ ಉದುರಿತ್ತು.

ಆ ಶಾಲೆಗೆ ನಾನೂ ಹೋಗಿದ್ದೇನೆ. ಚಿರೇಕಲ್ಲಿನ ಗೋಡೆ ಗಟ್ಟಿಯಾಗಿಯೇ ಇತ್ತು, ಆಮೇಲೆ ಸೇರಿಸಿದ ಜಗಲಿಯ ಸ್ಲ್ಯಾಬಿನಲ್ಲಿ ಕಂಬಿಗಳು ಹೊರಗೆ ಕಾಣುತ್ತಿದ್ದವು. ಊರಿನ ಹಳೆ ವಿದ್ಯಾರ್ಥಿಗಳು ಗೇಟಿಗೆ ಸ್ವಾಗತ ಕಮಾನು ಕಟ್ಟಿಸಲು ಹಣ ಕೂಡಿಸಿದ್ದರು. ಕಮಾನಿನ ಮೇಲೆ ದಾನಿಗಳ ಹೆಸರು ಬರುವುದಿತ್ತು. ಸರ್ ಆ ಸಭೆಯಲ್ಲಿ ಎದ್ದು, “ಕಮಾನು ಆಮೇಲೆ. ಮೊದ್ಲು ಮಕ್ಕಳ ತಲೆ ಮೇಲಿದ್ದದ್ದು ನೋಡ್ವ” ಎಂದರು. ಕೆಲವರಿಗೆ ಬೇಸರವಾಯಿತು. ಆದರೆ ಹಣ ಜಗಲಿಗೇ ಹೋಯಿತು.

ಅಲ್ಲಿ ಕೆಲಸ ಮಾಡಿಸಿದ ರೀತಿ ನೋಡಿಯೇ ಕಲಿಯಬೇಕು. ಸಾಮಾನ್ಯವಾಗಿ ತುಕ್ಕಿನ ಮೇಲೆಯೇ ಸಿಮೆಂಟ್ ಮೆತ್ತಿ, ಸುಣ್ಣ ಬಳಿದು ಮುಗಿಸುತ್ತಾರೆ. ಒಂದೆರಡು ಮಳೆಗೆ ಮತ್ತೆ ಅದೇ ಕಥೆ. ಇವರು ಮೊದಲು ಸ್ಲ್ಯಾಬಿಗೆ ಕೆಳಗಿನಿಂದ ಆನಿಕೆಯಾಗಿ ಜಾಕಿ ಕೊಡಿಸಿದರು. ಸಣ್ಣ ಸುತ್ತಿಗೆಯಿಂದ ಇಂಚಿಂಚಿಗೂ ತಟ್ಟುತ್ತ ಹೋದರು. ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗುರುತು. ಕಂಬಿಯ ಹಿಂಬದಿಗೂ ಬೆರಳು ಹೋಗುವಷ್ಟು ಒಡೆಸಿ, ತಂತಿ ಬ್ರಷ್‌ನಲ್ಲಿ ಕಬ್ಬಿಣ ಬೆಳ್ಳಗಾಗುವ ತನಕ ಉಜ್ಜಿಸಿದರು. ತೀರಾ ಸವೆದಿದ್ದ ಕಂಬಿಗಳ ಪಕ್ಕಕ್ಕೆ ಹೊಸ ಕಂಬಿ ಕಟ್ಟಿಸಿದರು. ನೀರಿನ ವಿಷಯದಲ್ಲಂತೂ ರಾಜಿಯೇ ಇಲ್ಲ. ಬೇಸಿಗೆಯಲ್ಲಿ ಅಳಿವೆಯಿಂದ ಉಪ್ಪುನೀರು ಹೊಳೆಯಲ್ಲಿ ಮೇಲಕ್ಕೇರುತ್ತದೆ, ಹತ್ತಿರದ ಬಾವಿಗಳಿಗೂ ಸವಳು ಬರುತ್ತದೆ. ಕಬ್ಬಿಣವಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಉಪ್ಪಿನ ಅಂಶವಾದ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ಹಾಗಾಗಿ ಮೇಲಿನ ಊರಿಂದ ಸಿಹಿನೀರಿನ ಟ್ಯಾಂಕರ್ ತರಿಸಿ, ಹೊಸ ಕಾಂಕ್ರೀಟನ್ನು ಒದ್ದೆಯಾಗಿಡುವ ಕ್ಯೂರಿಂಗಿಗೂ ಅದನ್ನೇ ಹಾಕಿಸಿದರು. ಅಷ್ಟು ಖರ್ಚು ಯಾಕೆ ಎಂದು ಕೇಳಿದವರಿಗೆ ಉದುರಿದ ಚಕ್ಕೆಯೊಂದನ್ನು ಕೈಗೆ ಕೊಟ್ಟು ತೂಕ ನೋಡಿ ಅಂದರು.

ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಅವರು ರಜೆ ಹಾಕಿ ಊರಿಗೆ ಹೋಗುತ್ತಿದ್ದದ್ದು ಇದಕ್ಕೇ. ಶಾಲೆ, ಅಂಗನವಾಡಿ, ಬಸ್ ತಂಗುದಾಣ ಸುತ್ತಿ ತಟ್ಟಿ ನೋಡಿ ಬರುತ್ತಿದ್ದರು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಅದು. ಬರುವಾಗ ಡಿಪ್ಲೊಮಾ ಮುಗಿಸಿದ ಊರ ಹುಡುಗರನ್ನು ಜೊತೆಗೆ ಕರೆತಂದು ನಮ್ಮ ಸೈಟಿನಲ್ಲಿ ಕೆಲಸಕ್ಕೆ ಹಚ್ಚುತ್ತಿದ್ದರು. ದೊಡ್ಡ ಊರಿಗೆ ಹೋದವರು ಹಬ್ಬಕ್ಕೆ ಬಂದು ದೇಣಿಗೆ ಕೊಟ್ಟು ಹೋಗುವುದನ್ನು ನಾನು ಬಹಳ ನೋಡಿದ್ದೇನೆ, ಅದು ತಪ್ಪಲ್ಲ. ಆದರೆ ತನ್ನ ಕಸುಬನ್ನೇ ಊರಿಗೆ ಕೊಟ್ಟವರು ನನ್ನ ಕಣ್ಣಿಗೆ ಬಿದ್ದದ್ದು ಇವರೊಬ್ಬರೇ.

ಅವರ ಡೈರಿಯ ಕೊನೆಯ ಪಟ್ಟಿಯಲ್ಲಿ ಶಾಲೆಯ ಶೌಚಾಲಯದ ಲಿಂಟಲ್ ಮತ್ತು ಅಂಗನವಾಡಿಯ ಸಜ್ಜಾ ಬಾಕಿ ಉಳಿದಿವೆ. ಅವರು ಕರೆತಂದ ಹುಡುಗರಲ್ಲಿ ಇಬ್ಬರು ಈಗ ನನ್ನ ತಂಡದಲ್ಲಿದ್ದಾರೆ. ಈ ಮೇ ತಿಂಗಳಲ್ಲಿ ನಾವು ಮೂವರೂ ರಜೆ ಹಾಕಿ ಹೊನ್ನಾವರಕ್ಕೆ ಹೊರಟಿದ್ದೇವೆ. 45ರ ಕವರ್ ಬ್ಲಾಕ್‌ಗಳನ್ನು ಇಲ್ಲಿಯೇ ಮಾಡಿಸಿ ನೀರಿನಲ್ಲಿಟ್ಟು ಕ್ಯೂರಿಂಗ್ ಮುಗಿಸಿದ್ದೇವೆ, ಟ್ಯಾಂಕರ್‌ನವರಿಗೂ ಹೇಳಿಯಾಗಿದೆ.