ಚೆನ್ನಾಗಿರುವವರ ಮಿದುಳು ಇವರಿಗ್ಯಾಕೆ?

"ನಿಮಗೇನೂ ಆಗಿಲ್ಲಮ್ಮ ಅಂತಾರೆ. ಮತ್ತೆ ಬನ್ನಿ ಅಂತಲೂ ಅವರೇ ಕರೀತಾರೆ. ಇದೆಂಥ ಡಾಕ್ಟರಿಕೆನೋ?" ಅಂತ ಅಮ್ಮನ ತಕರಾರು.

ನಮ್ಮೂರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಇಲ್ಲಿಯ ಹಳ್ಳಿಗಳಲ್ಲಿ 45 ದಾಟಿದ, ಮರೆವಿನ ಕಾಯಿಲೆ ಇಲ್ಲದವರನ್ನೇ ಹುಡುಕಿ ವರ್ಷಗಟ್ಟಲೆ ಗಮನಿಸುತ್ತಿದ್ದಾರೆ; ಅಮ್ಮನೂ ಇದರಲ್ಲಿ ಸೇರಿದ್ದಾಳೆ. 10,000 ಜನರನ್ನು ಸೇರಿಸಿಕೊಳ್ಳುವುದು ಗುರಿ. ರಕ್ತ ತೆಗೀತಾರೆ, ನೆನಪಿನ ಪರೀಕ್ಷೆ ಮಾಡ್ತಾರೆ, ಎಂಆರ್‌ಐ ಮಾಡಿಸ್ತಾರೆ. ಆ ಯಂತ್ರದೊಳಗೆ ಮಲಗಿದ್ದರೆ ತಲೆ ಪಕ್ಕದಲ್ಲೇ ಬೋರ್‌ವೆಲ್ ಕೊರೆದ ಹಾಗಿತ್ತಂತೆ.

ಅಮ್ಮನ ಪ್ರಶ್ನೆಗೆ ಉತ್ತರ 2012ರ ಒಂದು ಅಧ್ಯಯನದಲ್ಲಿದೆ. ಅಲ್ಜೈಮರ್ ಎಂಬ ಮರೆವಿನ ಕಾಯಿಲೆ ತರುವ ಜೀನ್ ವಂಶದಲ್ಲೇ ಹರಿದುಬರುವ ಕುಟುಂಬಗಳನ್ನು ಪರೀಕ್ಷಿಸಿದಾಗ, ಮರೆವು ಶುರುವಾಗಬಹುದಾದ ವಯಸ್ಸಿಗಿಂತ ಸುಮಾರು 25 ವರ್ಷ ಮೊದಲೇ ಬೆನ್ನುಹುರಿಯ ಸುತ್ತಲಿನ ನೀರಿನಲ್ಲಿ, ಈ ಕಾಯಿಲೆಯವರ ಮಿದುಳಿನಲ್ಲಿ ಸೇರಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನಿನ ಮಟ್ಟ ಬದಲಾಗತೊಡಗಿದ್ದು ಕಂಡಿತು. ಸುಮಾರು 15 ವರ್ಷ ಮೊದಲು ಅದೇ ಪ್ರೋಟೀನ್ ಮಿದುಳಿನಲ್ಲಿ ಕೂತಿರುವುದು ಸ್ಕ್ಯಾನ್‌ನಲ್ಲೂ ಕಂಡಿತು. ಅಂದರೆ ಮಗನ ಹೆಸರು ಮರೆತ ದಿನ ಆಸ್ಪತ್ರೆಗೆ ಓಡುವ ಹೊತ್ತಿಗೆ ರೋಗಕ್ಕೆ ಹರೆಯ ಕಳೆದಿರುತ್ತದೆ. ಚೆನ್ನಾಗಿರುವವರನ್ನೇ ಮತ್ತೆ ಮತ್ತೆ ನೋಡದೆ ಅದರ ಶುರು ಸಿಗುವುದಿಲ್ಲ.

ಅಮೆರಿಕದಲ್ಲಿ ಈ ಕೆಲಸ 2004ರಲ್ಲೇ ದೊಡ್ಡದಾಗಿ ಶುರುವಾಯಿತು. ಅಲ್ಲಿಯ ಸ್ಕ್ಯಾನ್‌ಗಳನ್ನು ಜಗತ್ತಿನ ಸಂಶೋಧಕರೆಲ್ಲ ಬಳಸಿಕೊಂಡರು. ಒಳ್ಳೆಯದೇ. ಆದರೆ ಅದರಲ್ಲಿ ಬಹುಪಾಲು ಜನ ಚೆನ್ನಾಗಿ ಓದಿದ ಬಿಳಿಯರು. ಸ್ಲೇಟೇ ಹಿಡಿಯದ ನಮ್ಮಮ್ಮನಿಗೆ ಇಂಥ ಪರೀಕ್ಷೆಯಲ್ಲಿ ಗಡಿಯಾರದ ಚಿತ್ರ ಬಿಡಿಸಿ ಅಂದರೆ ತಪ್ಪಾಗುವುದು ಮರೆವಿನಿಂದಲ್ಲ, ಪೆನ್ಸಿಲ್ಲಿನಿಂದ.

ಔಷಧಿಯ ಮಾತಿಗೆ ಬಂದರೆ ಇದು ಇನ್ನೂ ಗಂಭೀರ. ಮಿದುಳಿನಿಂದ ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್‌ಗೆ 2023ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. 1,795 ಜನರ ಮೇಲೆ 18 ತಿಂಗಳು ಪರೀಕ್ಷಿಸಿದಾಗ ರೋಗ ಏರುವ ವೇಗ 27% ಕಡಿಮೆಯಾಗಿತ್ತು. ವಾಸಿ ಆಗಲಿಲ್ಲ, ನಿಧಾನವಾಯಿತು, ಅಷ್ಟೇ. ಜೊತೆಗೆ ಕೆಲವರ ಮಿದುಳಿನಲ್ಲಿ ಬಾವು, ಸಣ್ಣ ರಕ್ತಸ್ರಾವ. ಅಪೋಇ4 ಎಂಬ ಜೀನನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರಿಗೆ ಆ ಅಪಾಯ ಹೆಚ್ಚು. ನಮ್ಮ ಹಳ್ಳಿಯವರಲ್ಲಿ ಯಾರಿಗೆ ಯಾವ ಜೀನ್ ಇದೆ, ಸಕ್ಕರೆ ಕಾಯಿಲೆ ಬಿಪಿ ಜೊತೆ ಸೇರಿ ಅದು ಏನು ಮಾಡುತ್ತೆ ಅನ್ನುವುದನ್ನು ಬಾಸ್ಟನ್‌ನಲ್ಲಿ ಕೂತು ಊಹಿಸಲಾಗದು.

ಎದುರುಮನೆ ಚಿಕ್ಕಪ್ಪ ಇದಕ್ಕೆಲ್ಲ ಬಗ್ಗುವವರಲ್ಲ. "2023ರಲ್ಲೇ ಆ ಔಷಧಿಗೆ ವರ್ಷಕ್ಕೆ 26,500 ಡಾಲರ್ ಇತ್ತು ಅಂತೀಯ. ನಮ್ಮ ತಲೆ ಅವರಿಗೆ ಕೊಟ್ಟು, ಔಷಧಿ ಯಾರು ಕೊಡಿಸ್ತಾರಪ್ಪ?" ಅಂದರು. ಕೇಳಬೇಕಾದ ಪ್ರಶ್ನೆಯೇ. ಅಮ್ಮ ಮಾತ್ರ, "ನಿನ್ನ ಮಗಳ ಕಾಲಕ್ಕಾದ್ರೂ ಅಗ್ಗ ಆಗಬಹುದು ಬಿಡು" ಅಂತ ಮುಂದಿನ ಸಲಕ್ಕೂ ಒಪ್ಪಿದ್ದಾಳೆ.

ನನಗೂ 45 ದಾಟಿದೆ. ಬೆಂಗಳೂರಿನವರಿಗಾಗಿ ಅದೇ ಕೇಂದ್ರ ಟಾಟಾ ಟ್ರಸ್ಟ್ಸ್ ನೆರವಿನಿಂದ ಇಂಥದ್ದೇ ಇನ್ನೊಂದು ಅಧ್ಯಯನ ನಡೆಸುತ್ತಿದೆ. ಈಗಲೂ ಹೊಸಬರನ್ನು ಸೇರಿಸಿಕೊಳ್ತಾರಾ ಅಂತ ಈ ವಾರ ವಿಚಾರಿಸಬೇಕು.